ಮೋಲಾರ್ (ದವಡೆ ಹಲ್ಲು) ಸವೆದು ವಿಲ್ಸನ್ ಕರ್ವ್ (ಎಡದಿಂದ ಬಲಕ್ಕೆ ಎರಡೂ ಬದಿಯ ಮೋಲಾರ್ ತುದಿಗಳನ್ನು ಸೇರಿಸುವ ಬಾಗು) ತಿರುಗಿದೆ, ಕ್ರೌನ್ (ಹಲ್ಲಿನ ಟೋಪಿ) ಹಾಕುವಾಗ ಹಳೇ ಕರ್ವ್ ವಾಪಸ್ ತರಬೇಕಾ?

ಪ್ರಾಸ್ಥೋ_ಪಿಜಿ:
55 ವರ್ಷದ ರೋಗಿ, ಬಹಳ ವರ್ಷಗಳಿಂದ ಎಲೆ-ಅಡಿಕೆ ಅಭ್ಯಾಸ. ಕೆಳದವಡೆಯ ಮಾಡೆಲ್‌ನಲ್ಲಿ ಮೊದಲನೇ ಮೋಲಾರ್ ಕೆನ್ನೆ ಕಡೆಗೆ ಇಳಿಜಾರಾಗಿ ಸವೆದಿದೆ, ಮೂರನೆಯದು ಮಾತ್ರ ಈಗಲೂ ನಾಲಿಗೆ ಕಡೆಗೇ ಇಳಿಜಾರು. ಒಂದೇ ಸಾಲಿನಲ್ಲಿ ಎರಡು ದಿಕ್ಕು ಹೇಗೆ? ಕ್ರೌನ್‌ನಲ್ಲಿ ಹಳೇ ಕರ್ವ್ ತರಬೇಕಾ?

ದಂತರೇಖೆ:
ಕೆಳಗಿನ ಮೋಲಾರ್‌ಗಳು ಸಹಜವಾಗಿಯೇ ನಾಲಿಗೆ ಕಡೆ ವಾಲಿರುತ್ತವೆ, ಅದಕ್ಕೇ ಕೆನ್ನೆ ಕಡೆಯ ಕಸ್ಪ್ (ಹಲ್ಲಿನ ಮೇಲಿನ ಮೊನಚು ಗುಬ್ಬಿ) ಎತ್ತರ. ಆದರೆ ಅಗಿಯುವ ಭಾರ ಹೊರುವುದು ಕೆಳಗೆ ಇದೇ ಕಸ್ಪ್, ಮೇಲೆ ಅಂಗುಳಿನ ಕಡೆಯದು. ಮೊದಲು ಸವೆಯುವುದೂ ಇವೇ. ಕರ್ವ್ ಚಪ್ಪಟೆಯಾಗಿ, ಆಮೇಲೆ ತಿರುಗುತ್ತದೆ. ಮೊದಲನೇ ಮೋಲಾರ್ ಬರುವುದು 6ನೇ ವರ್ಷಕ್ಕೆ, ಎರಡನೆಯದು 12ಕ್ಕೆ, ಮೂರನೆಯದು ಹದಿನೇಳು ದಾಟಿದ ಮೇಲೆ. ಸವೆತದ ವಯಸ್ಸೇ ಬೇರೆ ಬೇರೆ, ಆದ್ದರಿಂದ ಸಾಲು ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಗಟ್ಟಿ ಆಹಾರ ತಿನ್ನುತ್ತಿದ್ದ ಬೇಟೆಗಾರ ಸಮುದಾಯಗಳ ತಲೆಬುರುಡೆಗಳಲ್ಲೂ ಇದೇ ವಿನ್ಯಾಸ ಸಾಮಾನ್ಯ.

ಹಾಗೆಂದು ಎಲ್ಲವನ್ನೂ ಸವೆತ ಅಂದುಕೊಳ್ಳಬೇಡಿ. ಹಲ್ಲಿಗೆ ಹಲ್ಲು ಉಜ್ಜಿದ್ದರೆ ಮೇಲಿನ, ಕೆಳಗಿನ ಮಿನುಗುವ ಚಪ್ಪಟೆ ಜಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಡೆಂಟಿನ್ (ಎನಾಮಲ್ ಕೆಳಗಿನ ಪದರ) ಗುಳಿ ಬಿದ್ದು, ಹಳೇ ಫಿಲ್ಲಿಂಗ್ ಹಲ್ಲಿಗಿಂತ ಎದ್ದು ನಿಂತಿದ್ದರೆ ಆಮ್ಲದ ಕೈವಾಡವಿದೆ. ಕಾರಣ ನಿಲ್ಲಿಸದೆ ಕ್ರೌನ್ ಕೂರಿಸಿದರೆ ಅಂಚಿನ ಸುತ್ತ ಹಲ್ಲು ಕರಗುತ್ತಲೇ ಇರುತ್ತದೆ.

ಬಾಚಿಹಲ್ಲು:
ಮುಂದಿನ ಹಲ್ಲನ್ನೂ ನೋಡಿ. ಕೆಳಗಿನ ಬಾಚಿಹಲ್ಲು ಸವೆದಂತೆ ಮೂಳೆ, ವಸಡು ಸಮೇತ ಮೇಲೇರುತ್ತವೆ. ಆಗ ಸ್ಪೀ ಕರ್ವ್ (ಮುಂದಿನಿಂದ ಹಿಂದಕ್ಕೆ ಹಲ್ಲುಸಾಲಿನ ಬಾಗು) ಮುಂಭಾಗದಲ್ಲಿ ಆಳವಾಗುತ್ತದೆ. ಗುರುತು ಸುಲಭ: ಬಾಚಿಹಲ್ಲಿನ ವಸಡಿನ ಗೆರೆ ಕೋರೆಹಲ್ಲಿನದಕ್ಕಿಂತ ಎತ್ತರದಲ್ಲಿರುತ್ತದೆ. ಹಲ್ಲು ಗಿಡ್ಡವಾಗಿದೆ ಎಂದಾಕ್ಷಣ ಕಚ್ಚುವ ಎತ್ತರ ಕುಸಿದಿದೆ ಎನ್ನುವುದು ತಪ್ಪು ಲೆಕ್ಕ. ವಿಶ್ರಾಂತಿ ಸ್ಥಿತಿಯ ಅಂತರ (ದವಡೆ ಸಡಿಲವಾಗಿದ್ದಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವಿನ ಜಾಗ) ಅಳೆಯಿರಿ. 2ರಿಂದ 4 ಮಿ.ಮೀ. ಇದ್ದರೆ ದೇಹವೇ ಸರಿದೂಗಿಸಿಕೊಂಡಿದೆ, ಎತ್ತರ ಏರಿಸುವುದಾದರೆ ಮೊದಲು ತಾತ್ಕಾಲಿಕ ಕ್ರೌನ್‌ನಲ್ಲೇ ಪರೀಕ್ಷಿಸಿ.

ಲ್ಯಾಬ್_ಬೆಂಚ್:
ಪೂರ್ತಿ ಹಳೇ ವಿಲ್ಸನ್ ಕರ್ವ್ ತರಲು ಹೋಗಬೇಡಿ. ಎದುರಿನ ಅಂಗುಳಿನ ಕಸ್ಪ್ ಸವೆದ ಸ್ಥಿತಿಯಲ್ಲೇ ಇದ್ದಾಗ ಕೆಳಗೆ ಕಡಿದಾದ ಕಸ್ಪ್ ಕಟ್ಟಿದರೆ, ದವಡೆ ಪಕ್ಕಕ್ಕೆ ಸರಿದಾಗ ತಡೆಯುತ್ತದೆ, ಪೋರ್ಸಲೇನ್ ಎಗರುತ್ತದೆ. ಎರಡೂ ದವಡೆಗೆ ಒಟ್ಟಿಗೆ ವ್ಯಾಕ್ಸ್‌ಅಪ್ (ಮೇಣದ ನಮೂನೆ) ಮಾಡಿ, ತಗ್ಗು ಕಸ್ಪ್ ಇಡಿ.

ಸ್ಪೀ ಕರ್ವ್‌ಗೆ ಬ್ರಾಡ್ರಿಕ್ ಫ್ಲ್ಯಾಗ್ (ದವಡೆ ಚಲನೆ ಅನುಕರಿಸುವ ಆರ್ಟಿಕ್ಯುಲೇಟರ್ ಯಂತ್ರಕ್ಕೆ ಹಾಕುವ ತಗಡು, ಕಮಾನು ಗೀಚುವುದು ಇದರ ಮೇಲೆ) ಬಳಸಿ. ಫೇಸ್‌ಬೋದಿಂದ (ತಲೆಬುರುಡೆಗೆ ಹೋಲಿಸಿ ಮೇಲ್ದವಡೆಯ ಸ್ಥಾನ ಅಳೆಯುವ ಸಾಧನ) ಮಾಡೆಲ್ ಕೂರಿಸಿ, ಕೈವಾರವನ್ನು 4 ಇಂಚಿಗೆ ಇಟ್ಟು, ಕೋರೆಹಲ್ಲಿನ ಹಿಂಭಾಗದ ಅಂಚಿನಿಂದ ಒಂದು ಕಮಾನು, ಕೊನೆಯ ಮೋಲಾರ್‌ನ ಹಿಂದಿನ ಕೆನ್ನೆ ಕಸ್ಪ್‌ನಿಂದ ಇನ್ನೊಂದು. ಎರಡೂ ಕೂಡುವ ಬಿಂದುವೇ ಕೇಂದ್ರ. ಅಲ್ಲಿಂದ ಕೆಳಗಿನ ಸಾಲಿಗೆ ಗೆರೆ ಎಳೆಯಿರಿ. ಕೋರೆಹಲ್ಲು ಸವೆದಿದ್ದರೆ ಮೊದಲು ಅದನ್ನು ಮೇಣದಲ್ಲಿ ಕಟ್ಟಿ, ಆಮೇಲೆ ಕೈವಾರ. ಹೆಚ್ಚಿನವರು ಬಿಡುವ ಹಂತ ಇದೇ.

ಪ್ರಾಸ್ಥೋ_ಪಿಜಿ:
ಕೋರೆಹಲ್ಲಿನ ತುದಿಯೂ ಚಪ್ಪಟೆಯಾಗಿದೆ ಸರ್. ಮೂರನೇ ಮೋಲಾರ್ ಇರುವುದರಿಂದ ಕಮಾನಿಗೆ ಅದನ್ನು ಹಿಡಿಯಲಾ, ಎರಡನೆಯದನ್ನಾ?

ಲ್ಯಾಬ್_ಬೆಂಚ್:
ಎರಡನೆಯದು. ಮೂರನೆಯದು ವಾಲಿದ್ದರೆ ಕೇಂದ್ರವೇ ತಪ್ಪುತ್ತದೆ.