ಯೊಸೆಮಿಟಿಯಲ್ಲಿ ಒಂದೇ ದಿನ: ಮಿಸ್ಟ್ ಟ್ರೇಲ್ ಹತ್ತಿದವರು ಸ್ವಲ್ಪ ಹೇಳಿ

ಪ್ರಶ್ನೆ:
ಮೇ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, 9 ವರ್ಷದ ಮಗ, 64 ವರ್ಷದ ಅಮ್ಮ. ನಮಗಿರುವುದು ಒಂದೇ ಹಗಲು. ವರ್ನಲ್, ನೆವಾಡಾ ಎರಡೂ ಜಲಪಾತ ನೋಡುವ ಆಸೆ. ಅಮ್ಮನಿಗೆ ಮಂಡಿ ನೋವಿದೆ, ಆದರೆ ಸಮತಟ್ಟು ದಾರಿಯಲ್ಲಿ ಚೆನ್ನಾಗಿ ನಡೆಯುತ್ತಾರೆ. ಎಷ್ಟು ಹೊತ್ತಿಗೆ ಹೊರಡಬೇಕು? ಯಾವ ದಾರಿ? ಮಗನ ಕೈಲಿ ಆಗುತ್ತಾ?

ಮೂರು ಸಲ ಹೋಗಿ ಬಂದವನು:
ಎಲ್ಲಕ್ಕಿಂತ ಮೊದಲು ಒಂದು ಮಾತು. ಜಲಪಾತದ ಪಕ್ಕದಲ್ಲೇ ಹೋಗುವ ಮಿಸ್ಟ್ ಟ್ರೇಲ್‌ನಲ್ಲಿ ಹತ್ತಿ, ಸುತ್ತಿಕೊಂಡು ಬರುವ ಜಾನ್ ಮ್ಯೂರ್ ಟ್ರೇಲ್‌ನಲ್ಲಿ ಇಳಿಯಿರಿ. ಹತ್ತಿದ ದಾರಿಯಲ್ಲೇ ಇಳಿಯಬೇಡಿ.

ಮೊದಲನೇ ಸಲ ನಾನು ಹಾಗೇ ಇಳಿದೆ. ದೂರ ಕಡಿಮೆ ಅಲ್ವಾ ಅಂತ. ವರ್ನಲ್ ಪಕ್ಕದಲ್ಲಿ 600ಕ್ಕೂ ಜಾಸ್ತಿ ಗ್ರಾನೈಟ್ ಮೆಟ್ಟಿಲುಗಳಿವೆ. ಒಂದು ಗೇಣೆತ್ತರ, ಇನ್ನೊಂದು ಮೊಣಕಾಲೆತ್ತರ. ಜಲಪಾತದ ಎರಚಲು ಬಿದ್ದು ಎಲ್ಲಾ ಒದ್ದೆ. ಹತ್ತುವಾಗ ಇದು ಗೊತ್ತೇ ಆಗುವುದಿಲ್ಲ, ಕಣ್ಣು ನೀರಿನ ಮೇಲೆ, ಮೈ ಮುಂದಕ್ಕೆ ಬಾಗಿರುತ್ತದೆ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಕಾಲಿಟ್ಟು, ಜಾರುತ್ತದಾ ಅಂತ ನೋಡಿ, ಆಮೇಲೆ ಭಾರ ಬಿಡಬೇಕು. ಎದುರಿನಿಂದ ಸಾಲುಗಟ್ಟಿ ಜನ ಬರುತ್ತಿರುತ್ತಾರೆ. ಕೆಲವು ಕಡೆ ಇಬ್ಬರು ಪಕ್ಕ ಪಕ್ಕ ದಾಟುವಷ್ಟು ಜಾಗವೂ ಇಲ್ಲ. ನಾನು ಎರಡು ಕಡೆ ಕೂತು, ಚಿಕ್ಕ ಮಗುವಿನ ಥರ ಜರುಗಿಕೊಂಡು ಇಳಿದೆ. ಮಾರನೇ ದಿನ ಮಂಡಿ ಬಗ್ಗಿಸಲು ಆಗಲಿಲ್ಲ.

ಈಗ ಲೆಕ್ಕ. ದಾರಿ ಶುರುವಾಗುವ ಹ್ಯಾಪಿ ಐಲ್ಸ್‌ನಿಂದ ವರ್ನಲ್ ಕೆಳಗಿನ ಸೇತುವೆಗೆ ಹೋಗಿ ಬರಲು 2.6 ಕಿ.ಮೀ., ಏರು 400 ಅಡಿ. ವರ್ನಲ್ ತಲೆಯವರೆಗೆ ಹೋಗಿ ಬರಲು 3.9 ಕಿ.ಮೀ., ಏರು 1,000 ಅಡಿ. ನೆವಾಡಾ ತಲೆಯವರೆಗಾದರೆ 8.7 ಕಿ.ಮೀ., ಏರು ಸುಮಾರು 2,000 ಅಡಿ. ಜಾನ್ ಮ್ಯೂರ್ ಕಡೆಯಿಂದ ಇಳಿದರೆ ಒಟ್ಟು 10 ಕಿ.ಮೀ. ಹತ್ತಿರ ಆಗುತ್ತದೆ. ದೂರ ನೋಡಿ ಮೋಸ ಹೋಗಬೇಡಿ. ಕೂತು ಎದ್ದು ಹೋಗುವವರಿಗೆ 6 ಗಂಟೆ ಬೇಕು, ಮಗು ಜೊತೆಗಿದ್ದರೆ 7.

ಬೆಳಿಗ್ಗೆ 7ಕ್ಕೆಲ್ಲಾ ನಡೆಯಲು ಶುರು ಮಾಡಿರಬೇಕು. 10ರ ಮೇಲೆ ಮೆಟ್ಟಿಲ ಮೇಲೆ ಕ್ಯೂ, ಕಾರು ನಿಲ್ಲಿಸಲು ಜಾಗ ಇಲ್ಲ. ಕರ್ರಿ ವಿಲೇಜ್ ಹತ್ತಿರ ನಿಲ್ಲಿಸಿದರೆ ಹ್ಯಾಪಿ ಐಲ್ಸ್‌ಗೆ 15-20 ನಿಮಿಷದ ನಡಿಗೆ. ಶಟಲ್ ಬಸ್ಸಾದರೆ 16ನೇ ಸ್ಟಾಪ್. ಕೆಲವು ವರ್ಷ ಒಳಗೆ ಬಿಡಲು ಕಾರಿಗೆ ಮುಂಗಡ ಬುಕಿಂಗ್ ಕಡ್ಡಾಯ ಮಾಡಿರುತ್ತಾರೆ. ಪಾರ್ಕಿನ ವೆಬ್‌ಸೈಟಿನಲ್ಲಿ ಈ ವರ್ಷದ್ದು ಮೊದಲೇ ನೋಡಿಕೊಳ್ಳಿ.

ಮೇ ಕೊನೆ ಅಂದರೆ ಹಿಮ ಕರಗಿ ನೀರು ಉಕ್ಕುವ ಕಾಲ. ನೀವು ನೆನೆಯುತ್ತೀರಿ, ಅದರಲ್ಲಿ ಅನುಮಾನ ಬೇಡ. ಆಗ ತಾನೇ ಕರಗಿದ ಹಿಮದ ನೀರು, ಹಲ್ಲು ಕಟಕಟ ಅನ್ನುತ್ತದೆ. ಮಳೆ ಜಾಕೆಟ್ ಹಾಕಿಕೊಳ್ಳಿ, ಫೋನಿಗೆ ಜಿಪ್ ಕವರ್, ಒಣ ಸಾಕ್ಸ್ ಇನ್ನೊಂದು ಜೊತೆ. ಬಿಸಿಲಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಎರಚಲಿನ ಕಡೆ ನೋಡಿ, ಕಾಮನಬಿಲ್ಲು ಕಾಲ ಬುಡದಲ್ಲೇ ಇರುತ್ತದೆ. ಆಗಸ್ಟ್‌ನಲ್ಲಿ ಹೋದ ಸಲ ನನಗೆ ಇದರಲ್ಲಿ ಅರ್ಧದಷ್ಟೂ ಸಿಗಲಿಲ್ಲ.

ಮಗಳ ಜೊತೆ ಹೋದ ಅಮ್ಮ:
ನನ್ನ ಮಗಳಿಗೆ ಆಗ 8 ವರ್ಷ. ವರ್ನಲ್ ತಲೆಯವರೆಗೆ ಕುಣಿದುಕೊಂಡು ಬಂದಳು. ಅಲ್ಲಿಂದ ನೆವಾಡಾಗೆ ಇನ್ನೂ ಅಷ್ಟೇ ಏರು ಇದೆ ಅಂದಾಗ ಬಂಡೆ ಮೇಲೆ ಕೂತುಬಿಟ್ಟಳು. ನಾವು ಹಟ ಮಾಡಲಿಲ್ಲ. ಅಲ್ಲಿಂದ ಕ್ಲಾರ್ಕ್ ಪಾಯಿಂಟ್ ಕಡೆ ಒಂದು ದಾರಿ ಹೋಗುತ್ತದೆ, ಅದು ಜಾನ್ ಮ್ಯೂರ್ ಟ್ರೇಲ್‌ಗೆ ಸೇರುತ್ತದೆ. ಸ್ವಲ್ಪ ಹತ್ತಬೇಕು, ಆದರೆ ಒದ್ದೆ ಮೆಟ್ಟಿಲು ತಪ್ಪುತ್ತದೆ. ನೆವಾಡಾ ಮೇಲಿನಿಂದ ನೋಡದಿದ್ದರೂ ಆ ದಾರಿಯಲ್ಲಿ ಎದುರಿನಿಂದ ಪೂರ್ತಿ ಕಾಣಿಸುತ್ತದೆ, 594 ಅಡಿ, ಪಕ್ಕದಲ್ಲಿ ಲಿಬರ್ಟಿ ಕ್ಯಾಪ್ ಬಂಡೆ. ನನ್ನ ಕೇಳಿದರೆ ಅದೇ ಚೆಂದ. ಮೇಲೆ ನಿಂತರೆ ನೀರಿನ ಬೆನ್ನು ಕಾಣಿಸುತ್ತದೆ ಅಷ್ಟೇ. ವರ್ನಲ್ ತಲೆಯಲ್ಲಿ ಮಗನನ್ನು ನೋಡಿ ಆಗ ತೀರ್ಮಾನ ಮಾಡಿ. ಮನೆಯಲ್ಲೇ ಕೂತು ಶಪಥ ಬೇಡ.

ಜಾನ್ ಮ್ಯೂರ್ ಟ್ರೇಲ್‌ನಲ್ಲಿ ಹೇಸರಗತ್ತೆ ಎದುರಾದರೆ ದಾರಿ ಬಿಟ್ಟು ನಿಂತುಕೊಳ್ಳಿ. ಅವುಗಳ ಸಗಣಿಯೂ ಇರುತ್ತದೆ, ಕೆಳಗೆ ನೋಡಿ ನಡೆಯಿರಿ.

ಒಂಟಿ ಚಾರಣಿಗ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ವರ್ನಲ್ ತಲೆಯ ಹಿಂದೆ ಎಮರಾಲ್ಡ್ ಪೂಲ್ ಅಂತ ಹಸಿರು ಮಡು ಇದೆ. ಅದರ ಮೇಲೆ ಸಿಲ್ವರ್ ಏಪ್ರನ್, ನುಣ್ಣಗಿನ ಬಂಡೆ ಮೇಲೆ ನೀರು ತೆಳ್ಳಗೆ ಹರಿಯುತ್ತದೆ. ಬೆವರಿ ಬಂದವರಿಗೆ ಕಾಲು ಇಳಿಬಿಡೋಣ ಅನ್ನಿಸುತ್ತದೆ. ಎರಡು ಕಡೆಯೂ ಈಜು ನಿಷೇಧ. ಮಡು ಶಾಂತವಾಗಿ ಕಾಣಿಸಿದರೂ ಸೆಳವು ಕೆಳಗೆ ಜಲಪಾತಕ್ಕೇ ಹೋಗುತ್ತದೆ, ವರ್ನಲ್ 317 ಅಡಿ. 2011ರ ಜುಲೈನಲ್ಲಿ ಕಂಬಿ ದಾಟಿ ನೀರಿನ ಹತ್ತಿರ ಹೋದ ಮೂವರು ಇಲ್ಲೇ ಕೊಚ್ಚಿಹೋದರು. ನಾನು ಹೋದಾಗ ಒಬ್ಬರು ಫೋಟೋಗೆ ಅಂತ ಮಗುವನ್ನು ಕಂಬಿಯಾಚೆ ಬಂಡೆ ಮೇಲೆ ನಿಲ್ಲಿಸಿದ್ದರು. ನನ್ನ ಎದೆ ಝಲ್ ಅಂದಿತು. ಮಗನ ಕೈ ಬಿಡಬೇಡಿ.

ಕುಡಿಯುವ ನೀರು ಸೇತುವೆ ಹತ್ತಿರ ನಲ್ಲಿಯಲ್ಲಿ ಸಿಗುತ್ತದೆ, ಅದೂ ಬೇಸಿಗೆಯಲ್ಲಿ ಮಾತ್ರ. ಅದರ ಮೇಲೆ ನಲ್ಲಿ ಇಲ್ಲ. ತಲೆಗೆ 2 ಲೀಟರ್ ಹೊತ್ತುಕೊಳ್ಳಿ.

ಮೂರು ಸಲ ಹೋಗಿ ಬಂದವನು, ಮತ್ತೆ:
ಅಮ್ಮನ ವಿಷಯ ಬಿಟ್ಟೇ ಹೋಯಿತು. ಸೇತುವೆವರೆಗೆ ಡಾಂಬರು ದಾರಿ, ಆದರೆ ಸಮತಟ್ಟಲ್ಲ, ಕೆಲವು ಕಡೆ ಚೆನ್ನಾಗಿ ಏರು. ಮಂಡಿ ಒಪ್ಪಿದರೆ ನಿಧಾನಕ್ಕೆ ಕರೆದುಕೊಂಡು ಹೋಗಿ, ಸೇತುವೆ ಮೇಲಿಂದ ವರ್ನಲ್ ಕಾಣಿಸುತ್ತದೆ. ಒಪ್ಪದಿದ್ದರೆ ಕೆಳಗಿನ ಯೊಸೆಮಿಟಿ ಜಲಪಾತಕ್ಕೆ ಕಳಿಸಿ. ಸುತ್ತು ದಾರಿ ಸುಮಾರು ಒಂದೂವರೆ ಕಿ.ಮೀ., ಹೆಚ್ಚುಕಮ್ಮಿ ಸಮ. ಯೊಸೆಮಿಟಿ ಜಲಪಾತ ಮೇಲಿನದು, ನಡುವಿನದು, ಕೆಳಗಿನದು ಸೇರಿ 2,425 ಅಡಿ. ಆಗಸ್ಟ್ ಹೊತ್ತಿಗೆ ಬತ್ತುವುದುಂಟು, ಮೇನಲ್ಲಿ ಭರ್ಜರಿ. ಶಟಲ್ ಅಲ್ಲಿಗೂ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಾನು ಅಮ್ಮನ ಜೊತೆ ಕೆಳಗಿನ ಜಲಪಾತಕ್ಕೆ, ಅವರಿಬ್ಬರು ಮೇಲಕ್ಕೆ. ಕೆಳಗೆ ಬಂದ ಮೇಲೆ ಫೋನ್ ಮಾಡಿಕೊಂಡರೆ ಆಯಿತಲ್ಲ? ಊಟದ ಡಬ್ಬಿ ಕಾರಲ್ಲೇ ಇಡಬಹುದಾ?

ಮಗಳ ಜೊತೆ ಹೋದ ಅಮ್ಮ:
ಫೋನ್ ನೆಚ್ಚಿಕೊಳ್ಳಬೇಡಿ, ದಾರಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಯಜಮಾನರು ಎರಡು ಗಂಟೆ ಬೇರೆ ಬಸ್ ಸ್ಟಾಪಿನಲ್ಲಿ ಕಾದಿದ್ದರು. ಬೆಳಿಗ್ಗೆಯೇ ಜಾಗ, ಹೊತ್ತು ಎರಡೂ ಮಾತಾಡಿಕೊಳ್ಳಿ. ಡಬ್ಬಿ ಹಗಲು ಕಾರಲ್ಲಿ ಇಡಬಹುದು, ಹೊರಗೆ ಕಾಣದ ಹಾಗೆ ಮುಚ್ಚಿ, ಕಿಟಕಿ ಪೂರ್ತಿ ಏರಿಸಿ. ಕತ್ತಲಾದ ಮೇಲೆ ಇಡುವ ಹಾಗಿಲ್ಲ, ಕರಡಿ ಬಾಗಿಲನ್ನೇ ಕಿತ್ತುಬಿಡುತ್ತದೆ. ಅದಕ್ಕೆ ಅಂತಲೇ ಕಬ್ಬಿಣದ ಪೆಟ್ಟಿಗೆಗಳಿವೆ. ಮಗನ ಕೈಲಿ ಬಿಸ್ಕತ್ತು ಕಂಡರೆ ಅಳಿಲುಗಳು ತೊಡೆ ಮೇಲೇ ಹತ್ತುತ್ತವೆ, ಕೊಡಬೇಡ ಅಂತ ಈಗಲೇ ಹೇಳಿಡಿ.