ಡಚ್ ಥ್ರಿಲ್ಲರ್ ‘ಸ್ಪೋರ್‌ಲೋಸ್’ (1988): ಅಪಹರಿಸಿದವನು ಯಾರೆಂದು ಮೊದಲೇ ಗೊತ್ತಾದ ಮೇಲೂ ಭಯ ಹೇಗೆ ಉಳಿಯುತ್ತದೆ? (ಅಂತ್ಯದ ಚರ್ಚೆ ಇದೆ)

ಹಳೇ ರೀಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಾರ್ಜ್ ಸ್ಲೈಜರ್ ನಿರ್ದೇಶಿಸಿದ ‘ಸ್ಪೋರ್‌ಲೋಸ್’ ನೋಡಿದವರ ಅಭಿಪ್ರಾಯ ತಿಳಿಯಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಅಂತ್ಯವನ್ನು ಬಿಟ್ಟು ಈ ಸಿನಿಮಾದ ಬಗ್ಗೆ ಮಾತನಾಡಲಾಗದು. ಆದ್ದರಿಂದ ಇನ್ನೂ ನೋಡದವರು ಮುಂದೆ ಓದದಿರುವುದು ಒಳ್ಳೆಯದು.

ನೋಡಿ ಬಹಳ ಕಾಲವಾದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ರೆಕ್ಸ್ ಮತ್ತು ಸಾಸ್ಕಿಯಾ ಎಂಬ ಡಚ್ ಜೋಡಿ ಕಾರಿನಲ್ಲಿ ಫ್ರಾನ್ಸ್ ಪ್ರವಾಸಕ್ಕೆ ಹೊರಟಿದೆ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಂತಾಗ, ಕುಡಿಯಲು ಏನಾದರೂ ತರುತ್ತೇನೆಂದು ಹೋದ ಸಾಸ್ಕಿಯಾ ಹಿಂತಿರುಗುವುದಿಲ್ಲ. ಮೂರು ವರ್ಷ ಕಳೆದರೂ ರೆಕ್ಸ್ ಭಿತ್ತಿಪತ್ರ ಅಂಟಿಸುತ್ತಾ, ಟಿ.ವಿ.ಯಲ್ಲಿ ಮನವಿ ಮಾಡುತ್ತಾ, ಅವಳನ್ನು ಕರೆದೊಯ್ದವನ ಬೆನ್ನು ಬಿದ್ದಿರುತ್ತಾನೆ. ಕೊನೆಗೆ ಆ ಮನುಷ್ಯನೇ ಮನೆ ಬಾಗಿಲಿಗೆ ಬಂದು, ಅವಳಿಗೆ ಏನಾಯಿತೆಂದು ತಿಳಿಯಬೇಕಾದರೆ ಅವಳು ಅನುಭವಿಸಿದ್ದನ್ನೇ ನೀನೂ ಅನುಭವಿಸಬೇಕು ಎನ್ನುತ್ತಾನೆ. ನಿದ್ರೆಯ ಔಷಧಿ ಬೆರೆಸಿದ ಕಾಫಿಯನ್ನು ರೆಕ್ಸ್ ಗೊತ್ತಿದ್ದೂ ಕುಡಿಯುತ್ತಾನೆ. ಎಚ್ಚರವಾದಾಗ ಅವನು ಮಣ್ಣಿನಡಿಯ ಪೆಟ್ಟಿಗೆಯಲ್ಲಿರುತ್ತಾನೆ.

ನನ್ನ ಪ್ರಶ್ನೆ ಎರಡು. ಕೊಲೆಗಾರನ ಹೆಸರನ್ನು ಕೊನೆಯ ರೀಲಿನವರೆಗೆ ಮುಚ್ಚಿಟ್ಟು ಕುತೂಹಲ ಕಾಯ್ದುಕೊಳ್ಳುವುದು ಪತ್ತೇದಾರಿ ಕಥೆಗಳ ವಾಡಿಕೆ. ಇಲ್ಲಿ ಅಪಹರಿಸಿದ ರೇಮೋನ್ ಲೆಮೋರ್ನ್‌ನನ್ನು ನಿರ್ದೇಶಕರು ಬೇಗನೇ ತೋರಿಸಿಬಿಡುತ್ತಾರೆ. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೇಷ್ಟ್ರ ಕೆಲಸ ಎಲ್ಲವೂ ನಮಗೆ ಗೊತ್ತಾಗುತ್ತದೆ. ಹೀಗಿದ್ದೂ ನನ್ನ ಆತಂಕ ಕಡಿಮೆಯಾಗಲಿಲ್ಲ, ಹೆಚ್ಚಿತು. ಇದಕ್ಕೆ ಕಾರಣವೇನಿರಬಹುದು? ಎರಡನೆಯದಾಗಿ, ಬುದ್ಧಿ ನೆಟ್ಟಗಿರುವ ಮನುಷ್ಯ ಆ ಕಾಫಿಯನ್ನು ಕುಡಿಯುತ್ತಾನೆಂದು ನಿಮಗೆ ನಂಬಿಕೆ ಬಂತೇ?

ಸಹ್ಯಾದ್ರಿ ಪ್ರೇಕ್ಷಕ

ಮೊದಲ ಪ್ರಶ್ನೆಗೆ ಉತ್ತರ ಲೆಮೋರ್ನ್ ನಡೆಸುವ ಪೂರ್ವಸಿದ್ಧತೆಯ ದೃಶ್ಯಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅವನು ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು. ಅಪರಾಧವನ್ನೂ ಪ್ರಯೋಗಶಾಲೆಯ ಪಾಠದಂತೆಯೇ ಹಂತ ಹಂತವಾಗಿ ಸಿದ್ಧಪಡಿಸುತ್ತಾನೆ. ಕ್ಲೋರೋಫಾರ್ಮನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿ ಎಷ್ಟು ಹೊತ್ತು ಎಚ್ಚರ ತಪ್ಪುತ್ತದೆಂದು ಲೆಕ್ಕ ಹಾಕುತ್ತಾನೆ. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಹೆಂಗಸೊಬ್ಬಳನ್ನು ಒಳಗೆ ಕರೆಯುವ, ಬಾಗಿಲು ಭದ್ರಪಡಿಸುವ, ಕರವಸ್ತ್ರ ಒತ್ತುವ ಅಭಿನಯವನ್ನು ಒಬ್ಬನೇ ಕುಳಿತು ಅಭ್ಯಾಸ ಮಾಡುತ್ತಾನೆ. ತನ್ನ ನಾಡಿಯ ಬಡಿತವನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಊರಾಚೆಯ ಮನೆಯಲ್ಲಿ ಹೆಂಡತಿ ಮಕ್ಕಳು ಆಟಕ್ಕೆಂದು ಕಿರುಚುವಂತೆ ಮಾಡಿ, ಆಮೇಲೆ ನೆರೆಯವನ ಬಳಿ ಹೋಗಿ ಏನಾದರೂ ಸದ್ದು ಕೇಳಿಸಿತೇ ಎಂದು ವಿಚಾರಿಸುವ ಪ್ರಸಂಗವಂತೂ ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಭಯಾನಕವೆನಿಸಿದ್ದು. ಅಲ್ಲಿ ಕತ್ತಲೆಯಿಲ್ಲ, ಎದೆ ನಡುಗಿಸುವ ಸಂಗೀತವಿಲ್ಲ, ಮಕ್ಕಳು ನಗುತ್ತಿದ್ದಾರೆ.

ಇಷ್ಟಾದರೂ ಅವನ ಪ್ರಯತ್ನಗಳು ಒಂದರ ಮೇಲೊಂದು ಕೆಡುತ್ತಲೇ ಹೋಗುತ್ತವೆ. ಪರಿಚಯದ ಹೆಂಗಸೊಬ್ಬಳು ಅವನ ಗುರುತು ಹಿಡಿದುಬಿಡುತ್ತಾಳೆ. ಇನ್ನೊಮ್ಮೆ ಔಷಧಿ ಸುರಿದ ಕರವಸ್ತ್ರ ಕೈಯಲ್ಲಿರುವಾಗಲೇ ಸೀನು ಬಂದು, ಅಭ್ಯಾಸಬಲದಿಂದ ಅದೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಳ್ಳುತ್ತಾನೆ. ನಾವು ನಗುತ್ತೇವೆ, ನಕ್ಕು ಅವನಿಗೆ ಸಲಿಗೆ ಕೊಡುತ್ತೇವೆ. ಕಾಫಿ ಯಂತ್ರದ ಬಳಿ ಸಾಸ್ಕಿಯಾ ತಾನಾಗಿಯೇ ಅವನ ಹತ್ತಿರ ಬಂದು ಚಿಲ್ಲರೆ ಕೇಳುವ ಹೊತ್ತಿಗೆ, ಅವಳು ಮರುಳಾಗುವುದರಲ್ಲಿ ನಮಗೆ ಯಾವ ಆಶ್ಚರ್ಯವೂ ಉಳಿದಿರುವುದಿಲ್ಲ, ಏಕೆಂದರೆ ನಾವೂ ಆ ಮನುಷ್ಯನನ್ನು ಪಾಪದವನೆಂದು ಅರ್ಧ ಒಪ್ಪಿಕೊಂಡಿರುತ್ತೇವೆ. ಬರ್ನಾರ್ ಪಿಯೇರ್ ದೊನಾದಿಯು ಆ ಪಾತ್ರವನ್ನು ಎಲ್ಲಿಯೂ ದನಿ ಏರಿಸದೆ ನಿರ್ವಹಿಸಿದ್ದಾರೆ.

ಯಾರು ಮಾಡಿದ್ದು ಎಂಬ ಪ್ರಶ್ನೆಯನ್ನು ಕೈಬಿಟ್ಟರೂ ಏನು ಮಾಡಿದ ಎಂಬುದನ್ನು ಮಾತ್ರ ಸಿನಿಮಾ ಕೊನೆಯವರೆಗೆ ಹೇಳುವುದಿಲ್ಲ. ರೆಕ್ಸ್‌ಗೆ ತಿಳಿಯದಿರುವುದು ನಮಗೂ ತಿಳಿಯದು. ಅವನ ಚಡಪಡಿಕೆಯನ್ನೇ ನಮಗೂ ಅಂಟಿಸುವ ಈ ಜಾಣ್ಮೆಗೆ ಮೂಲ ಟಿಮ್ ಕ್ರಬೇ ಅವರ 1984ರ ಕಿರುಕಾದಂಬರಿ. ಕ್ರಬೇ ಸ್ವತಃ ಚೆಸ್ ಆಟಗಾರರೂ ಹೌದು, ಸೈಕಲ್ ಪಂದ್ಯದ ಸ್ಪರ್ಧಿಯೂ ಹೌದು. ಲೆಮೋರ್ನ್‌ನ ಲೆಕ್ಕಾಚಾರಗಳನ್ನು ನೋಡುವಾಗ ಚದುರಂಗದ ಮನೆಗಳು ನೆನಪಾದರೆ ಅದು ಪ್ರೇಕ್ಷಕನ ತಪ್ಪಲ್ಲ.

ಕೊನೆಯ ಬೆಂಚು

ಸಹ್ಯಾದ್ರಿಯವರ ವಿವರಣೆ ಸೊಗಸಾಗಿದೆ, ಆದರೆ ಎರಡನೆಯ ಪ್ರಶ್ನೆಯನ್ನು ಅವರು ಜಾಣತನದಿಂದ ಬದಿಗೆ ಸರಿಸಿದ್ದಾರೆ. ನನಗೆ ಆ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ.

ಅಪರಾಧಿ ತಾನಾಗಿಯೇ ರೆಕ್ಸ್‌ನ ಮನೆಯ ಮುಂದೆ ಬಂದು ನಿಂತಿದ್ದಾನೆ. ಅವನ ಮುಖ, ಕಾರು, ಮಾತು ಎಲ್ಲವೂ ಕಣ್ಣೆದುರಿಗಿವೆ. ರೆಕ್ಸ್ ಅವನಿಗೆ ನಾಲ್ಕು ಬಾರಿಸುತ್ತಾನೆ ಕೂಡ. ಆಮೇಲೆ ಅದೇ ಕಾರಿನಲ್ಲಿ ಕುಳಿತು ರಾತ್ರಿಯೆಲ್ಲ ಫ್ರಾನ್ಸಿನವರೆಗೆ ಪ್ರಯಾಣ ಮಾಡುತ್ತಾನೆ. ದಾರಿಯುದ್ದಕ್ಕೂ ಲೆಮೋರ್ನ್ ತನ್ನ ಆತ್ಮಕಥೆಯನ್ನು ಹೇಳುತ್ತಾನೆ: ಹದಿನಾರನೆಯ ವಯಸ್ಸಿನಲ್ಲಿ ಬಾಲ್ಕನಿಯಿಂದ ಹಾರಿದ್ದು, ಮುಂದೆ ನೀರಿನಲ್ಲಿ ಮುಳುಗುತ್ತಿದ್ದ ಹುಡುಗಿಯನ್ನು ಉಳಿಸಿ ಮಗಳ ಕಣ್ಣಿನಲ್ಲಿ ವೀರನಾದದ್ದು, ಆ ಹೊಗಳಿಕೆಗೆ ತಾನು ಅರ್ಹನೇ ಎಂದು ಪರೀಕ್ಷಿಸಿಕೊಳ್ಳಲು ತನ್ನ ಕಲ್ಪನೆಗೆ ಎಟುಕುವ ಅತ್ಯಂತ ಕ್ರೂರ ಕೃತ್ಯಕ್ಕೆ ಕೈ ಹಾಕಿದ್ದು. ಇಷ್ಟು ತಪ್ಪೊಪ್ಪಿಗೆ ಕೇಳಿಸಿಕೊಂಡವನು ಒಂದು ಚೀಟಿಯಲ್ಲಿ ಅವನ ಹೆಸರನ್ನಾದರೂ ಬರೆದು ಎಲ್ಲಿಯಾದರೂ ಬಿಟ್ಟುಹೋಗಬಾರದಿತ್ತೇ? ಸಾಕ್ಷಿ ಸಾಲದು, ಪೊಲೀಸರು ನನ್ನನ್ನು ಏನೂ ಮಾಡಲಾರರು ಎಂದು ಲೆಮೋರ್ನ್ ಹೇಳುತ್ತಾನೆ, ಒಪ್ಪೋಣ. ಆದರೆ ಅಪರಾಧಿಯ ಬಾಯಿಂದ ಬಂದ ಕಾನೂನು ಸಲಹೆಯನ್ನು ಸಂತ್ರಸ್ತ ಅಷ್ಟು ಸಲೀಸಾಗಿ ನಂಬುವುದು ಚಿತ್ರಕಥೆಯ ಅನುಕೂಲಕ್ಕೆ ಹೊರತು ಮನುಷ್ಯ ಸ್ವಭಾವಕ್ಕಲ್ಲ.

ನೊಂದವರೇ ಪತ್ತೇದಾರರಾಗಿ ದುಷ್ಟನನ್ನು ಬೆನ್ನಟ್ಟುವ ಥ್ರಿಲ್ಲರ್‌ಗಳಲ್ಲಿ ಪೊಲೀಸರನ್ನು ದೂರವಿಡಲು ಯಾವುದಾದರೂ ನೆಪ ಬೇಕೇ ಬೇಕು. ಬೆನ್ನಟ್ಟುವವರು ಕಾಲೇಜು ಹುಡುಗರಾದರೂ ಅಷ್ಟೆ, ಪ್ರೇಮಿಯಾದರೂ ಅಷ್ಟೆ. ಈ ಸಿನಿಮಾ ಆ ನೆಪವನ್ನು ಕೂಡ ಸರಿಯಾಗಿ ಒದಗಿಸುವುದಿಲ್ಲ ಎಂಬುದೇ ನನ್ನ ತಕರಾರು. ಸಾಸ್ಕಿಯಾ ಕಾಣೆಯಾದ ಆ ಸಂಜೆ ರೆಕ್ಸ್ ಬಂಕಿನಲ್ಲಿ ಕಂಡಕಂಡವರನ್ನು ಕೇಳುತ್ತಾ ಅಲೆಯುವ ಭಾಗ ಅಪ್ಪಟವಾಗಿದೆ. ಅಷ್ಟು ನಿಜವಾಗಿ ಆರಂಭವಾದ ಸಿನಿಮಾ ಕೊನೆಯಲ್ಲಿ ತತ್ತ್ವಜಿಜ್ಞಾಸೆಗೆ ಇಳಿದದ್ದು ನನಗೆ ನಿರಾಶೆ ತಂದಿತು.

ಡಚ್ಚರ ನಡುವಿನ ಕನ್ನಡಿಗ

ಕೆಲಸದ ನಿಮಿತ್ತ ಐಂಡ್‌ಹೋವನ್‌ನಲ್ಲಿ ನೆಲೆಸಿರುವವನು ನಾನು. ಬೇಸಿಗೆಯ ರಜೆ ಬಂತೆಂದರೆ ಇಲ್ಲಿನ ಕುಟುಂಬಗಳು ಕಾರಿಗೆ ಕ್ಯಾರವಾನ್ ಕಟ್ಟಿ, ಮೇಲೆ ಸೈಕಲ್ ಹೇರಿ, ಬೆಲ್ಜಿಯಂ ದಾಟಿ ಫ್ರಾನ್ಸಿನ ದಕ್ಷಿಣಕ್ಕೆ ಸಾಲುಗಟ್ಟಿ ಹೊರಡುತ್ತವೆ. ಆ ಹೆದ್ದಾರಿಯ ಬಂಕುಗಳಲ್ಲಿ ನಿಂತವರಿಗೆಲ್ಲ ಈ ಸಿನಿಮಾದ ಅಂಗಳ ತೀರಾ ಪರಿಚಿತ. ಮಕ್ಕಳು ಓಡಾಡುತ್ತಿರುತ್ತಾರೆ, ಕಾಫಿ ಯಂತ್ರದ ಮುಂದೆ ನಾಲ್ಕು ಭಾಷೆಗಳಲ್ಲಿ ಮಾತು ಕೇಳಿಸುತ್ತದೆ, ಯಾರೂ ಯಾರ ಮುಖವನ್ನೂ ನೆನಪಿಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಇಡೀ ಜನಸಂದಣಿಯೇ ಬದಲಾಗುವ ಅಂಥ ಸ್ಥಳದಲ್ಲಿ ಹಾಡಹಗಲೇ ಒಬ್ಬಳು ಇಲ್ಲವಾಗುವುದು ಎಷ್ಟು ಸುಲಭವೆಂದು ಅಲ್ಲಿ ನಿಂತಾಗ ಅರಿವಾಗುತ್ತದೆ. ನನ್ನ ಹೆಂಡತಿ ಇದನ್ನು ನೋಡಿದ ಮೇಲೆ ಬಂಕಿನಲ್ಲಿ ಒಬ್ಬಳೇ ಕಾರಿನಿಂದ ಇಳಿಯಲು ಒಪ್ಪುವುದಿಲ್ಲ.

ಗಡಿ ದಾಟಿದ ಕೂಡಲೇ ಭಾಷೆ ಬದಲಾಗುವುದನ್ನೂ ಗಮನಿಸಬೇಕು. ರೆಕ್ಸ್ ಸಹಾಯ ಕೇಳಬೇಕಾದದ್ದು ಫ್ರೆಂಚ್‌ನಲ್ಲಿ. ಗಾಬರಿಯಲ್ಲಿರುವ ಮನುಷ್ಯನಿಗೆ ಪರಭಾಷೆಯ ಪದಗಳು ಕೈಕೊಟ್ಟಾಗ ಆಗುವ ಅಸಹಾಯಕತೆಯನ್ನು ಜೀನ್ ಬರ್ವೂಟ್ಸ್ ಚೆನ್ನಾಗಿ ತಂದಿದ್ದಾರೆ. ಸಿನಿಮಾದ ಬಹುಪಾಲು ಸಂಭಾಷಣೆ ಫ್ರೆಂಚ್‌ನಲ್ಲಿರುವುದು ಮುಂದೆ ಬೇರೊಂದು ತೊಂದರೆಯನ್ನೇ ತಂದಿತು. ನೆದರ್ಲೆಂಡ್ಸ್ ಇದನ್ನು ವಿದೇಶಿ ಭಾಷಾ ಚಿತ್ರಗಳ ವಿಭಾಗದಲ್ಲಿ ಆಸ್ಕರ್‌ಗೆ ಕಳುಹಿಸಿದಾಗ, ಫ್ರೆಂಚ್ ಮಾತು ಹೆಚ್ಚಾಗಿದೆ ಎಂಬ ಕಾರಣಕ್ಕೆ ಅಕಾಡೆಮಿ ಅದನ್ನು ತಳ್ಳಿಹಾಕಿತು. ಸ್ವದೇಶದಲ್ಲಿ ಅದೇ ವರ್ಷ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಚಿನ್ನದ ಕರು ಪ್ರಶಸ್ತಿ ಇದಕ್ಕೆ ದೊರೆಯಿತು. ಸಾಸ್ಕಿಯಾ ಪಾತ್ರ ಮಾಡಿದ ಯೋಹಾನ್ನಾ ಟೆರ್ ಸ್ಟೇಖೆ ಅವರಿಗೆ ಪೋಷಕ ನಟನೆಗಾಗಿ ಯುರೋಪಿಯನ್ ಚಲನಚಿತ್ರ ಪ್ರಶಸ್ತಿಯೂ ಬಂತು. ತೆರೆಯ ಮೇಲೆ ಅವರಿರುವುದು ಸ್ವಲ್ಪವೇ ಹೊತ್ತು, ಆದರೆ ಆ ಸ್ವಲ್ಪದಲ್ಲಿಯೇ ಮೂರು ವರ್ಷ ಹುಡುಕುವಷ್ಟು ಪ್ರೀತಿಯನ್ನು ಹುಟ್ಟಿಸಿಬಿಡುತ್ತಾರೆ.

ಕೊನೆಯ ಬೆಂಚಿನವರೇ, ನಿಮ್ಮ ತಕರಾರಿಗೆ ಸುರಂಗದ ದೃಶ್ಯವನ್ನು ಎದುರಿಡುತ್ತೇನೆ. ಆರಂಭದಲ್ಲಿ ಸುರಂಗದೊಳಗೆ ಪೆಟ್ರೋಲ್ ಮುಗಿದಾಗ, ಬೇಡವೆಂದು ಕೂಗಿಕೊಳ್ಳುವ ಸಾಸ್ಕಿಯಾಳನ್ನು ಕತ್ತಲೆಯ ಕಾರಿನಲ್ಲಿ ಬಿಟ್ಟು ರೆಕ್ಸ್ ಹೊರಟುಹೋಗುತ್ತಾನೆ. ಅವಳಿಗೆ ಆಗಾಗ ಬೀಳುವ ಕನಸಿನಲ್ಲಿ ಅವಳು ಚಿನ್ನದ ಮೊಟ್ಟೆಯೊಳಗೆ ಸಿಕ್ಕಿಬಿದ್ದು ಶೂನ್ಯದಲ್ಲಿ ಒಂಟಿಯಾಗಿ ತೇಲುತ್ತಿರುತ್ತಾಳೆ. ಇದನ್ನು ಅವಳು ಅವನಿಗೆ ಹೇಳಿಕೊಂಡಿದ್ದಾಳೆ. ಆಮೇಲೆ ಬಂಕಿನ ಹತ್ತಿರದ ಮರದ ಬುಡದಲ್ಲಿ ಇಬ್ಬರೂ ಎರಡು ನಾಣ್ಯಗಳನ್ನು ಹೂಳುತ್ತಾರೆ, ಇನ್ನೆಂದೂ ಬಿಟ್ಟುಹೋಗುವುದಿಲ್ಲವೆಂದು ಅವನು ಮಾತು ಕೊಡುತ್ತಾನೆ. ಆ ಮಾತು ಒಂದು ಗಂಟೆಯೂ ನಿಲ್ಲಲಿಲ್ಲ. ಕಾಫಿ ಕುಡಿಯುವ ಮೊದಲು ರೆಕ್ಸ್ ಆ ಮರದ ಬುಡಕ್ಕೇ ಓಡಿ ಮಣ್ಣು ಕೆದಕುತ್ತಾನೆ. ಹಾಗಾಗಿ ಅವನು ಲೆಮೋರ್ನ್‌ನ ವಾದಕ್ಕೆ ಮರುಳಾದನೆಂದು ನನಗೆ ಅನಿಸುವುದಿಲ್ಲ. ಅವನನ್ನು ತಿನ್ನುತ್ತಿದ್ದದ್ದು ಸುರಂಗದಲ್ಲಿ ಬಿಟ್ಟುಹೋದ ಅಪರಾಧಭಾವ.

ಇಂಟರ್‌ವಲ್

1993ರ ಅಮೆರಿಕನ್ ರೀಮೇಕ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದನ್ನು ನಿರ್ದೇಶಿಸಿದ್ದೂ ಸ್ಲೈಜರ್ ಅವರೇ. ಕೀಫರ್ ಸದರ್ಲೆಂಡ್ ನಾಯಕ, ಜೆಫ್ ಬ್ರಿಜಸ್ ಖಳ, ಕಾಣೆಯಾಗುವ ಹುಡುಗಿ ಸ್ಯಾಂಡ್ರಾ ಬುಲಕ್. ಅದರಲ್ಲಿ ಹೊಸ ಗೆಳತಿ ಬಂದು ನಾಯಕನನ್ನು ಮಣ್ಣಿನಿಂದ ಹೊರತೆಗೆಯುತ್ತಾಳೆ, ಖಳ ಸಾಯುತ್ತಾನೆ, ಪ್ರೇಕ್ಷಕರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ತಾನೇ ಕಟ್ಟಿದ ಮನೆಯ ತೊಲೆಯನ್ನು ತಾನೇ ಎಳೆದುಹಾಕಿದ ಹಾಗಾಯಿತು. ಕೊನೆಯ ಬೆಂಚಿನವರು ಅದನ್ನೊಮ್ಮೆ ನೋಡಬೇಕು, ಏಕೆಂದರೆ ಅವರು ಬಯಸುವ ತರ್ಕಬದ್ಧ ಅಂತ್ಯ ಅಲ್ಲಿ ದೊರೆಯುತ್ತದೆ. ದೊರೆತ ಮೇಲೆ ಸಿನಿಮಾದಲ್ಲಿ ಏನೂ ಉಳಿಯುವುದಿಲ್ಲ.

ಹಳೇ ರೀಲು

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಅಪರಾಧಭಾವದ ವಿವರಣೆ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಯಿತು, ಆದರೂ ಒಂದು ಸಣ್ಣ ತಿದ್ದುಪಡಿಯಿದೆ. ಟಿ.ವಿ. ಸಂದರ್ಶನದಲ್ಲಿ ರೆಕ್ಸ್ ಅಪರಾಧಿಗೆ ಶಿಕ್ಷೆಯಾಗಬೇಕೆಂದು ಕೇಳುವುದಿಲ್ಲ, ಏನು ನಡೆಯಿತೆಂದು ತಿಳಿದರೆ ಸಾಕು ಎನ್ನುತ್ತಾನೆ. ಅದಕ್ಕೂ ಮೊದಲೇ ಲೆಮೋರ್ನ್ ಅವನಿಗೆ ಕಾರ್ಡುಗಳನ್ನು ಕಳುಹಿಸಿ ನೀಮ್ ಪಟ್ಟಣಕ್ಕೆ ಕರೆಸಿಕೊಂಡು, ತಾನು ಮುಂದೆ ಬಾರದೆ ದೂರದಿಂದಲೇ ಅವನು ಕಾಯುವುದನ್ನು ನೋಡಿರುತ್ತಾನೆ. ಕ್ಲೋರೋಫಾರ್ಮ್ ಎಷ್ಟು ಹೊತ್ತು ಕೆಲಸ ಮಾಡುತ್ತದೆಂದು ಅಳೆದವನು, ರೆಕ್ಸ್‌ನ ಕುತೂಹಲ ಎಷ್ಟು ದೂರ ಎಳೆಯಬಲ್ಲದೆಂಬುದನ್ನೂ ಹೀಗೆ ಅಳೆದುಕೊಂಡಿದ್ದಾನೆ. ಪ್ರೀತಿ, ಅಪರಾಧಭಾವ ಎರಡೂ ರೆಕ್ಸ್‌ನಲ್ಲಿ ಇದ್ದವು, ನಿಜ. ಆದರೆ ಗೊತ್ತಾಗಲೇಬೇಕೆಂಬ ಹಟ ಅವೆರಡನ್ನೂ ತಿಂದುಹಾಕಿತ್ತು. ಜೊತೆಯಲ್ಲಿ ಬದುಕುತ್ತಿದ್ದ ಲೀನೆಕೆ ಬೇಸತ್ತು ಬಿಟ್ಟುಹೋಗುವುದು ಈ ಕಾರಣಕ್ಕಾಗಿಯೇ. ಸಾಸ್ಕಿಯಾ ಬದುಕಿ ಬಂದರೂ ಅವನು ಲೀನೆಕೆಯನ್ನು ಒಂಟಿ ಮಾಡುತ್ತಿದ್ದ, ಬಾರದಿದ್ದರೂ ಒಂಟಿ ಮಾಡಿದ.

ಕೊನೆಯ ಬೆಂಚು

ಲೀನೆಕೆಯ ವಿಷಯದಲ್ಲಿ ನನ್ನ ತಕರಾರಿಲ್ಲ; ಆ ಪಾತ್ರಕ್ಕೆ ಸಿನಿಮಾ ಇನ್ನಷ್ಟು ಜಾಗ ಕೊಡಬೇಕಿತ್ತು. ರೀಮೇಕನ್ನು ನೋಡಿದ್ದೇನೆ, ಅದು ನನಗೂ ಹಿಡಿಸಲಿಲ್ಲ. ರೆಕ್ಸ್ ಬದುಕಬೇಕಿತ್ತೆಂದು ನಾನು ಹೇಳುತ್ತಿಲ್ಲ. ಅವನು ಸಾಯಲಿ, ಆದರೆ ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಸಾಯಲಿ ಎಂಬುದಷ್ಟೇ ನನ್ನ ಬೇಡಿಕೆ. ಕೊನೆಯಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಇಬ್ಬರ ಭಾವಚಿತ್ರಗಳು ಮೊಟ್ಟೆಯಾಕಾರದ ಚೌಕಟ್ಟಿನಲ್ಲಿರುವುದನ್ನು ಮೆಚ್ಚದಿರಲು ನನ್ನಿಂದಲೂ ಆಗಲಿಲ್ಲ.

ಸಹ್ಯಾದ್ರಿ ಪ್ರೇಕ್ಷಕ

ಬೇರೆ ದಾರಿಗಳು ತೆರೆದೇ ಇದ್ದವು, ಅವನು ಅವುಗಳಲ್ಲಿ ನಡೆಯಲಿಲ್ಲ. ಹಾಗಲ್ಲದಿದ್ದರೆ ಅವನು ಬರೀ ಬಲಿಪಶುವಾಗುತ್ತಿದ್ದ, ಲೆಮೋರ್ನ್ ಕಾಫಿ ಕೊಟ್ಟು ಸುಮ್ಮನೆ ಕಾಯುವ ಅಗತ್ಯವೂ ಬೀಳುತ್ತಿರಲಿಲ್ಲ, ಇನ್ನೊಮ್ಮೆ ಕರವಸ್ತ್ರವೇ ಸಾಕಾಗುತ್ತಿತ್ತು. ಸಮಯವಾದರೆ ರೆಕ್ಸ್ ಕಾಫಿ ಕುಡಿಯುವ ಆ ಮಳೆಯ ದೃಶ್ಯವನ್ನು ಮತ್ತೊಮ್ಮೆ ನೋಡಿ, ರೆಕ್ಸ್‌ನ ಬದಲು ಲೆಮೋರ್ನ್‌ನ ಮುಖವನ್ನು ಗಮನಿಸಿ. ಅವನು ಒತ್ತಾಯ ಮಾಡುವುದೇ ಇಲ್ಲ.