ಸಹಾಯ ಬೇಕು: ನಮಾಝ್ ಕೈಪಿಡಿಯ ಕರಡು ತಿದ್ದುವವರು

ಅಸ್ಸಲಾಮು ಅಲೈಕುಂ. ಹೊಸದಾಗಿ ನಮಾಝ್ ಹಿಡಿದವರಿಗೆ ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಮಾಡುತ್ತಿದ್ದೇವೆ. ಶಾಫಿಈ, ಹನಫಿ ಎರಡೂ ಮದ್‌ಹಬ್ (ಧಾರ್ಮಿಕ ನಿಯಮಗಳ ಪಂಥ) ಓದಿಕೊಂಡ ಉಸ್ತಾದರೊಬ್ಬರು (ಧಾರ್ಮಿಕ ಗುರು) ನೋಡಿಕೊಡಬೇಕು.

ಕರಾವಳಿಯ ಬ್ಯಾರಿ, ನವಾಯತ ಮನೆಗಳದು ಶಾಫಿಈ. ಘಟ್ಟದ ಮೇಲಿನ ಉರ್ದು ಮನೆಗಳದು ಹೆಚ್ಚಾಗಿ ಹನಫಿ. ಕರಾವಳಿಯವರು ಬೆಂಗಳೂರಿಗೆ ಹೋದಾಗ ಗೊಂದಲ ಶುರು. ನಡುಹಗಲಿನ ನೆರಳು ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದವಾದರೆ ಶಾಫಿಈಯಲ್ಲಿ ಅಸರ್ (ಸಂಜೆಗೆ ಮುಂಚಿನ ನಮಾಝ್) ಹೊತ್ತು ಶುರು; ಹನಫಿಯಲ್ಲಿ ಎರಡು ಪಟ್ಟಾಗಬೇಕು. ಆ್ಯಪ್‌ನಲ್ಲಿ ಮದ್‌ಹಬ್ ಸರಿಯಾಗಿ ಆರಿಸದಿದ್ದರೆ ಸಮಯ ತಪ್ಪುತ್ತದೆ.

ಹೆಚ್ಚು ಎಡವುವುದು ವುಝೂವಿನಲ್ಲಿ (ನಮಾಝಿಗೆ ಮುಂಚಿನ ಅಂಗಶುದ್ಧಿ). ಗಾಯದಿಂದ ರಕ್ತ ಹರಿದರೆ ಹನಫಿಯಲ್ಲಿ ವುಝೂ ಮುರಿಯುತ್ತದೆ, ಶಾಫಿಈಯಲ್ಲಿ ಇಲ್ಲ. ಹೆಂಡತಿಯ ಚರ್ಮಕ್ಕೆ ಕೈ ತಾಗಿದರೆ ಶಾಫಿಈಯಲ್ಲಿ ಮುರಿಯುತ್ತದೆ, ಹನಫಿಯಲ್ಲಿ ಬರೀ ಸ್ಪರ್ಶಕ್ಕೆ ಇಲ್ಲ. ಎರಡೂ ಆದ ಮೇಲೆ ಎರಡೂ ಕಡೆಯ ಸಡಿಲಿಕೆ ಹಿಡಿದರೆ ಆ ವುಝೂ ಯಾವ ಮದ್‌ಹಬ್‌ನಲ್ಲೂ ನಿಲ್ಲದು. ಹಾಗಾಗಿ ಆರಂಭದಲ್ಲಿ, ಕಲಿಸುವ ಉಸ್ತಾದರು ಹತ್ತಿರದಲ್ಲಿರುವ ಒಂದನ್ನೇ ಹಿಡಿಯಿರಿ ಎಂದು ಬರೆದಿದ್ದೇವೆ. ಮದ್‌ಹಬ್‌ಗೆ ಕಟ್ಟುಬೀಳದ ಸಲಫಿ ಓದುಗರಿಗೆ ಈ ಸಾಲು ನೋವಾಗದಂತೆ ಹೇಗೆ ಬರೆಯುವುದು?

ಇನ್ನೊಂದು ಕಝಾ, ಅಂದರೆ ಬಿಟ್ಟುಹೋದ ನಮಾಝನ್ನು ನಂತರ ತೀರಿಸುವುದು. ಒಂದು ದಿನಕ್ಕೆ ಫರ್ಝ್ (ಕಡ್ಡಾಯ ನಮಾಝ್) 17 ರಕಅತ್ (ನಮಾಝಿನ ಸುತ್ತು). ಹನಫಿಯಲ್ಲಿ ವಿತ್ರ್ (ರಾತ್ರಿಯ ನಮಾಝ್) 3 ಸೇರಿ 20. ಪ್ರತಿ ಫರ್ಝ್ ಜೊತೆ ಒಂದು ಕಝಾ ಮಾಡಿದರೆ ಐದು ವರ್ಷದ ಬಾಕಿ ಐದು ವರ್ಷದಲ್ಲಿ ತೀರುತ್ತದೆ. ಬೇಕೆಂದೇ ಬಿಟ್ಟದ್ದಕ್ಕೆ ಕಝಾ ಇಲ್ಲ, ತೌಬಾ (ಪಶ್ಚಾತ್ತಾಪ) ಮತ್ತು ನಫಿಲ್ (ಐಚ್ಛಿಕ ನಮಾಝ್) ಹೆಚ್ಚಿಸಬೇಕು ಎಂಬ ಮಧ್ಯಯುಗದ ವಿದ್ವಾಂಸ ಇಬ್ನ್ ತೈಮಿಯ್ಯಾರ ಅಭಿಪ್ರಾಯವನ್ನೂ ಸೇರಿಸಬೇಕೇ? ಬಾಕಿಯ ಲೆಕ್ಕ ಕೇಳಿಯೇ ಹೊಸಬರು ಹೆದರಿ ಬಿಟ್ಟುಬಿಡುತ್ತಾರೆ, ಅದೇ ನಮ್ಮ ಚಿಂತೆ.

ಕೊನೆಯದು: ಹನಫಿ ಇಮಾಮರ ಹಿಂದೆ ಸುಬ್ಹಿಯಲ್ಲಿ (ಬೆಳಗಿನ ನಮಾಝ್) ಕುನೂತ್ (ನಿಂತು ಮಾಡುವ ಪ್ರಾರ್ಥನೆ) ತಪ್ಪಿದ ಶಾಫಿಈ ಏನು ಮಾಡಬೇಕು? ಕಿತಾಬಿನ ಹೆಸರು ಸಹಿತ ತಿಳಿಸಿ.